ಬದಲಿಸಬೇಡಿ ಎಂದರೆ ವಿವರಿಸಿದಂತಾಯಿತೆ?

ಮನೆಗೆ ಅಂತರಜಾಲ ತರುವ ರೌಟರ್ ಪೆಟ್ಟಿಗೆಯ ಕೈಪಿಡಿಯನ್ನು ನಿಮ್ಮಲ್ಲಿ ಎಷ್ಟು ಮಂದಿ ಓದಿದ್ದೀರಿ? ಅದರಲ್ಲಿ ಎಂ.ಟಿ.ಯು. ಎಂದೊಂದು ಸಂಖ್ಯೆ ಇರುತ್ತದೆ. ನಮ್ಮ ಮನೆಯ ಕೈಪಿಡಿ ಅದರ ಬಗ್ಗೆ ಹೇಳುವುದು ಎರಡೇ ಮಾತು: ಎಂ.ಟಿ.ಯು. ಎಂದರೆ ಮ್ಯಾಕ್ಸಿಮಮ್ ಟ್ರಾನ್ಸ್‌ಮಿಷನ್ ಯೂನಿಟ್. ಸೇವೆ ಒದಗಿಸುವವರು ಹೇಳದ ಹೊರತು ಬದಲಿಸಬೇಡಿ. ಮೊದಲನೆಯದು ಹೆಸರನ್ನು ಬಿಡಿಸಿ ಬರೆಯುತ್ತದೆ, ಎರಡನೆಯದು ಗದರಿಸುತ್ತದೆ. ಉತ್ತರಪತ್ರಿಕೆಯಲ್ಲಿ ಹೀಗೆ ಬರೆದವರಿಗೆ ನಾನು ಅರ್ಧ ಅಂಕಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. (ನನ್ನ ಕೈ ಬಿಗಿಯೆಂಬುದು ನಿಮಗೆಲ್ಲ ಗೊತ್ತೇ ಇದೆ.)

ವಿಷಯವೇನೂ ಕಠಿಣವಲ್ಲ. ಈಥರ್ನೆಟ್ ತಂತಿಯಲ್ಲಿ ಮಾಹಿತಿಯು ಚಿಕ್ಕಚಿಕ್ಕ ಪೊಟ್ಟಣಗಳಾಗಿ ಸಾಗುತ್ತದೆ. ಒಂದೊಂದಕ್ಕೂ ಸಾಮಾನ್ಯವಾಗಿ 1500 ಬೈಟ್‌ಗಳ ಮಿತಿ. ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವ ಪಿ.ಪಿ.ಪಿ.ಒ.ಇ. ಎಂಬ ವಿಧಾನವಿದೆ. 1999ರಲ್ಲಿ ಪ್ರಕಟವಾದ ಈ ವಿಧಾನ ತನ್ನ ಲೆಕ್ಕಕ್ಕೆ 8 ಬೈಟ್ ತೆಗೆದುಕೊಳ್ಳುತ್ತದೆ. ಉಳಿಯುವುದು 1492. ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಇಟ್ಟಂತೆ. ಅಂಚೆಪೆಟ್ಟಿಗೆಯ ಬಾಯಿ ಹಿಗ್ಗುವುದಿಲ್ಲವಾದ್ದರಿಂದ ಒಳಗಿನದು ಚಿಕ್ಕದಾಗಬೇಕು. ದೊಡ್ಡ ಪೊಟ್ಟಣ ಬಂದರೆ ದಾರಿಯಲ್ಲಿರುವ ಯಂತ್ರವು ಕಳುಹಿಸಿದ ಯಂತ್ರಕ್ಕೆ ಹಾಗೆಂದು ತಿಳಿಸಬೇಕು. ಆ ಸೂಚನೆಯನ್ನೇ ನಡುವೆ ತಡೆದಿದ್ದರೆ ಪೊಟ್ಟಣ ಸದ್ದಿಲ್ಲದೆ ಕಳೆದುಹೋಗುತ್ತದೆ. ಆಗ ಕೆಲವು ಪುಟಗಳು ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಂತುಬಿಡುತ್ತವೆ. ಹೀಗಾದಾಗ ಈ ಸಂಖ್ಯೆಯನ್ನು ನೋಡಿ ಎಂಬ ಒಂದು ಸಾಲು ಕೈಪಿಡಿಯಲ್ಲಿಲ್ಲ.

ಇದರಿಂದ ಕಷ್ಟಪಡುವವರು ಯಾರು? ಮಕ್ಕಳು ಹೊರದೇಶದಲ್ಲಿದ್ದು, ಊರಿನಲ್ಲಿ ಇಬ್ಬರೇ ಇರುವ ನನ್ನ ವಯಸ್ಸಿನವರು. ಬ್ಯಾಂಕಿನ ಪುಟ ತೆರೆಯದು, ಬೇರೆಲ್ಲ ತೆರೆಯುತ್ತದೆ. ಸೇವೆ ಒದಗಿಸುವವರಿಗೆ ಫೋನು ಮಾಡಿದರೆ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಾಕಿ ಎಂಬ ಉತ್ತರ.

ಎಲ್ಲವನ್ನೂ ತಿಳಿಸಿದರೆ ಜನ ಸುಮ್ಮನಿರದೆ ಕೈಯಾಡಿಸಿ ಕೆಡಿಸುತ್ತಾರೆ ಎಂದು ಇಂಜಿನಿಯರಾಗಿರುವ ನನ್ನ ಶಿಷ್ಯನೊಬ್ಬ ವಾದಿಸಿದ. ನಾನು ಒಪ್ಪಲಿಲ್ಲ. ಮೊದಲಿದ್ದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ ಎಂದು ಹೇಳಿದರೆ ಯಾರು ಬೇಕಾದರೂ ಹಿಂದಿನ ಸ್ಥಿತಿಗೆ ತರಬಹುದು. ಕೆಡುವುದು ಅರಿವಿಲ್ಲದೆ ಒತ್ತಿದಾಗ.

ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದರು. ಇಂಥ ಕೈಪಿಡಿ ಬರೆಯುವ ಉದ್ಯೋಗದಲ್ಲಿ ನಿಮ್ಮಲ್ಲೇ ಕೆಲವರಿದ್ದೀರಿ. ಅಚ್ಚಿಗೆ ಕಳುಹಿಸುವ ಮುನ್ನ ಒಮ್ಮೆ ನಿಮ್ಮ ತಂದೆಯವರ ಕೈಗೋ ತಾಯಿಯವರ ಕೈಗೋ ಕೊಟ್ಟು ಓದಿಸಿ. ಅವರು ತಡವರಿಸುವ ಕಡೆ ಇನ್ನೊಂದು ಸಾಲು ಸೇರಿಸಿ.