ಜಾರ್ಜ್‌ಕುಟ್ಟಿ ಆದರ್ಶ ತಂದೆಯೇ?

ಜೀತು ಜೋಸೆಫ್‌ರವರ ಮಲಯಾಳಂ ಚಿತ್ರ ‘ದೃಶ್ಯಂ’ (2013) ಮರುವರ್ಷವೇ ‘ದೃಶ್ಯ’ವಾಗಿ ಕನ್ನಡಕ್ಕೂ ಬಂತು. ಮೂಲಚಿತ್ರದ ನಾಯಕ ಜಾರ್ಜ್‌ಕುಟ್ಟಿಯನ್ನು ಆದರ್ಶ ತಂದೆಯೆಂದು ಕೊಂಡಾಡುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಈ ಬಿರುದಿಗೆ ನನ್ನ ತಕರಾರಿದೆ.

ಮಗಳ ಸ್ನಾನದ ದೃಶ್ಯವನ್ನು ಮೊಬೈಲಿನಲ್ಲಿ ಸೆರೆಹಿಡಿದು ಬೆದರಿಸಲು ಬಂದ ಯುವಕ ಅವಳ ಏಟಿಗೆ ಸತ್ತ. ಅದಕ್ಕೆ ಆತ್ಮರಕ್ಷಣೆಯೆಂಬ ಸಮರ್ಥನೆಯಾದರೂ ಇತ್ತು. ಆಮೇಲೆ ತಂದೆ ಮಾಡಿದ್ದೇನು? ಹೋಟೆಲಿನವನು, ಬಸ್ ನಿರ್ವಾಹಕ, ಚಿತ್ರಮಂದಿರದ ಕೆಲಸಗಾರ ಇವರೆಲ್ಲರ ನೆನಪಿನಲ್ಲಿ ತಪ್ಪು ತಾರೀಖನ್ನು ಬಿತ್ತಿದ. ನಿಷ್ಕಪಟಿಗಳಾದ ಅವರು ತಮಗರಿವಿಲ್ಲದೆಯೇ ಸುಳ್ಳುಸಾಕ್ಷಿಗಳಾದರು. ಎಂಟನೆಯ ಕಟ್ಟಳೆಯನ್ನು ಇಷ್ಟು ಜಾಣ್ಮೆಯಿಂದ ಮುರಿದವರು ವಿರಳ! ಆ ಕಟ್ಟುಕಥೆಯ ನಡುಗಂಬವಾದರೂ ಯಾವುದು? ಧ್ಯಾನಕೂಟ. ದೇವರ ವಾಕ್ಯ ಕೇಳುವ ತಾಣವೂ ಅವನ ಪಾಲಿಗೆ ಜೇಬಿನಲ್ಲಿಟ್ಟುಕೊಳ್ಳುವ ಒಂದು ರಸೀದಿ.

ಪೊಲೀಸರು ಕ್ರೂರಿಗಳು, ಸಾಮಾನ್ಯನಿಗೆ ಬೇರೆ ದಾರಿಯಿರಲಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ವಿಚಾರಣೆಯಲ್ಲಿ ಕಿರಿಯ ಮಗಳಿಗೆ ಬಿದ್ದ ಏಟುಗಳೇ ಅದಕ್ಕೆ ಸಾಕ್ಷಿ. ಆದರೆ ಸುಳ್ಳನ್ನು ಬಾಯಿಪಾಠ ಮಾಡಿಸಿ ಆ ಎಳೆಯ ಮಗುವನ್ನು ಏಟಿಗೆ ಒಡ್ಡಿದವನು ತಂದೆಯೇ. ಇದನ್ನು ವಾತ್ಸಲ್ಯವೆಂದು ಕರೆಯೋಣವೇ?

ಕೊನೆಯಲ್ಲಿ ಸತ್ತವನ ತಂದೆತಾಯಿ ಬಂದು ಎದುರಿಗೆ ನಿಲ್ಲುತ್ತಾರೆ. ಅವನು ಕ್ಷಮೆ ಕೇಳುತ್ತಾನೆ. ಶವ ಎಲ್ಲಿದೆಯೆಂದು ಮಾತ್ರ ಹೇಳುವುದಿಲ್ಲ. ಹೊಸ ಪೊಲೀಸ್ ಠಾಣೆಯ ನೆಲದಡಿ ಅದನ್ನು ಹೂತದ್ದು ನಮಗೆ ಗೊತ್ತು, ಹೆತ್ತವರಿಗೆ ಗೊತ್ತಿಲ್ಲ.