ಪಾಳಿ ಮುಗಿದ ಮೇಲೆ

ನಾಸಿಕದ ಸಾತಪುರ, ಅಂಬಡಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾಗಳಲ್ಲಾಗಲಿ ದುಡಿಯುವ ನಮ್ಮವರು ಮನೆಯ ಕನ್ನಡದಿಂದ ಹೊರಗಿನ ಮರಾಠಿಗೆ ಹೋಗುವಾಗ ಬದಲಾಯಿಸಬೇಕಾಗಿಲ್ಲದ ಮಾತೊಂದಿದೆ. ಅದು ‘ಪಾಳಿ’. ಮೊದಲ ಪಾಳಿ, ಎರಡನೆಯ ಪಾಳಿ, ರಾತ್ರಿ ಪಾಳಿ. ಎರಡು ಭಾಷೆಗಳಲ್ಲಿಯೂ ಅದಕ್ಕೆ ಸರದಿ ಎಂದೇ ಅರ್ಥ. ಸರದಿ ಎಂದ ಮೇಲೆ ಅದು ಹೊತ್ತಿಗೆ ಸರಿಯಾಗಿ ಬರಬೇಕು, ಹೊತ್ತಿಗೆ ಸರಿಯಾಗಿ ಹೋಗಬೇಕು. ಬಂದದ್ದು ಹೋಗದೆ, ನಮ್ಮ ಬೆನ್ನ ಹಿಂದೆಯೇ ನಡೆದು ಮನೆಯ ಹೊಸ್ತಿಲನ್ನೂ ದಾಟಿ ಬಂದರೆ ಏನಾಗುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ನಮ್ಮ ಬಂಧುಗಳೊಡನೆ ಮಾತನಾಡೋಣ ಎನಿಸಿದೆ.

ನಾವು ಈ ಊರುಗಳಿಗೆ ಬಂದದ್ದು ದುಡಿಮೆಗಾಗಿಯೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ನಾಸಿಕದ ಬಳಿಯ ಓಝರಿನಲ್ಲಿ 1964ರಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಅದನ್ನು ನಡೆಸುವ ಹಿಂದುಸ್ತಾನ್ ಏರೋನಾಟಿಕ್ಸಿನ ಮುಖ್ಯ ಕಚೇರಿ ಬೆಂಗಳೂರಿನಲ್ಲಿ. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ, 2008ರಿಂದ ಬಾಷ್ ಎಂದು ಹೆಸರಾದದ್ದು, ಸಾತಪುರದಲ್ಲಿ ಕಾರ್ಖಾನೆ ಇಟ್ಟಿತು. 1985ರಲ್ಲಿ ಬಜಾಜ್ ವಾಳೂಜಕ್ಕೆ ಬಂದ ಮೇಲೆ ಅದರ ಸುತ್ತ ಸಣ್ಣ ದೊಡ್ಡ ಕಾರ್ಖಾನೆಗಳು ಬೆಳೆದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ತಮ್ಮ ಗುಮಾಸ್ತರನ್ನೂ ಅಧಿಕಾರಿಗಳನ್ನೂ ಊರೂರಿಗೆ ಕಳುಹಿದವು. ಉಡುಪಿಯ ಕಡೆಯವರು ಹೋಟೆಲು ಇಟ್ಟರು. ಸಂಭಾಜಿನಗರದವರಿಗಂತೂ ಬೀದರ, ಕಲಬುರಗಿ, ರಾಯಚೂರಿನವರು ಹೊಸಬರಲ್ಲ. 1956ರವರೆಗೆ ಎಲ್ಲರೂ ಒಂದೇ ಹೈದರಾಬಾದಿನಲ್ಲಿ ಇದ್ದವರು. ಹೀಗೆ ಬಂದವರಿಗೆ ಕೆಲಸವೆಂದರೆ ಬರಿಯ ಸಂಬಳವಲ್ಲ. ಊರು ಬಿಟ್ಟು ಬಂದದ್ದಕ್ಕೆ ಅದೇ ಸಮರ್ಥನೆ. ಆದುದರಿಂದಲೇ ಕೆಲಸದಲ್ಲಿ ಒಂದು ಮಾತು ಹೆಚ್ಚುಕಡಮೆಯಾದರೆ ನಮ್ಮವರ ಮನಸ್ಸಿಗೆ ತಾಗುವ ಪೆಟ್ಟು ತುಸು ಹೆಚ್ಚೇ.

ಆದರೆ ಇದರ ಬೆಲೆಯನ್ನು ತೆರುವವರು ಯಾರು ಎಂದು ನೋಡಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಹಿಂದಿ ಕೇಳುತ್ತಾರೆ. ಕನ್ನಡ ಕೇಳುವುದು ಮನೆಯಲ್ಲಿ. ಅದೂ ಸಂಜೆ ತಾಯಿತಂದೆಗಳು ಬಂದ ಮೇಲೆ ಊಟ ಮುಗಿಯುವ ತನಕ. ದಿನಕ್ಕೆ ಒಂದೆರಡು ಗಂಟೆಯ ಮಾತು. ಆ ಹೊತ್ತಿನಲ್ಲಿ ಅಪ್ಪ ಹುಬ್ಬು ಗಂಟಿಕ್ಕಿ ಮೊಬೈಲನ್ನು ಹಿಡಿದು ಕುಳಿತರೆ, “ಏನಾಯ್ತು?” ಎಂದು ಕೇಳಿದ ತಾಯಿಗೆ “ಏನಿಲ್ಲ” ಎಂದಷ್ಟೇ ಉತ್ತರ ಸಿಕ್ಕರೆ, ಮಗು ಎದ್ದು ಟೀವಿಯ ಮುಂದೆ ಹೋಗುತ್ತದೆ. ಎರಡು ವರ್ಷ ಹೀಗೆ ಕಳೆದ ಮೇಲೆ ಅಜ್ಜಿ ಧಾರವಾಡದಿಂದ ಫೋನು ಮಾಡಿದರೆ ಮೊಮ್ಮಗ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಆಗ ಸಂಘದವರು ಕನ್ನಡ ತರಗತಿ ನಡೆಸಬೇಕು ಎಂದು ನಾವೆಲ್ಲ ಠರಾವು ಮಾಡುತ್ತೇವೆ. ತರಗತಿ ಆಗಲಿ, ಬೇಡವೆನ್ನುವವರು ಯಾರು? ಆದರೆ ವಾರಕ್ಕೊಂದು ಗಂಟೆಯ ತರಗತಿ, ದಿನವೂ ಕಳೆದುಹೋಗುವ ಸಂಜೆಯನ್ನು ತುಂಬಿಕೊಡಲಾರದು.

ದೇಹಕ್ಕೂ ಇದು ಲಘುವಾದ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟೂ, ಹೃದಯದ ರಕ್ತನಾಳದ ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟೂ ಹೆಚ್ಚು. ಅದೇ ಆರೋಗ್ಯ ಸಂಸ್ಥೆ 2019ರಲ್ಲಿ, ಕೆಲಸದ ಒತ್ತಡ ತೀರದೆ ಉಳಿದು ಮನುಷ್ಯ ಒಳಗೊಳಗೇ ಬತ್ತಿಹೋಗುವ ಸ್ಥಿತಿಯನ್ನು ತನ್ನ ರೋಗಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ವಿವರಿಸಿತು. ಅದನ್ನು ರೋಗವೆಂದು ಕರೆಯಲಿಲ್ಲ. ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದಿತು. ಈ ಭೇದ ನಮಗೆ ಬಹಳ ಸರಿ ಎನಿಸುತ್ತದೆ. ತಪ್ಪು ಮನುಷ್ಯನೊಬ್ಬನಲ್ಲಿಯೇ ಇದೆ ಎಂದು ಅದು ಹೇಳುವುದಿಲ್ಲ.

ಇನ್ನು ಅಭ್ಯಾಸಗಳ ಮಾತು. ಇವು ದೊಡ್ಡ ಸಾಧನೆಗಳಲ್ಲ; ಬೆಳಗ್ಗೆ ನಾಲ್ಕಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿರಿ ಎಂದು ನಾವು ಯಾರಿಗೂ ಹೇಳುವವರಲ್ಲ.

ಎಲ್ಲಕ್ಕಿಂತ ಮೊದಲು ನಾಳೆಯ ಚೀಟಿ. ಬರ್ಲಿನ್ನಿನಲ್ಲಿ ಅಭ್ಯಾಸ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದಳು: ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ನೆನಪಿನಲ್ಲಿ ಹೆಚ್ಚು ನಿಲ್ಲುತ್ತದೆ ಎಂದು. ಹೋಟೆಲಿನ ಮಾಣಿಗಳನ್ನು ನೋಡಿ ಈ ವಿಚಾರ ಹೊಳೆಯಿತೆಂದು ಹೇಳುವುದುಂಟು. ದುಡ್ಡು ಸಂದಾಯವಾಗದ ಮೇಜಿನ ಲೆಕ್ಕ ಮಾಣಿಯ ಬಾಯಲ್ಲಿಯೇ ಇರುತ್ತದೆ, ಸಂದಾಯವಾಯಿತೋ, ಮರೆತೇಹೋಯಿತು. ಇದನ್ನು ತಿಳಿಯಲು ನಮ್ಮವರು ಬರ್ಲಿನ್ನಿಗೆ ಹೋಗಬೇಕಾಗಿರಲಿಲ್ಲ, ಉಡುಪಿ ಹೋಟೆಲಿನಲ್ಲಿ ಒಂದು ತಾಸು ಕುಳಿತಿದ್ದರೆ ಸಾಕಾಗಿತ್ತು! ಝೈಗಾರ್ನಿಕಳ ಫಲಿತಾಂಶ ಆಮೇಲಿನ ಎಲ್ಲ ಪರೀಕ್ಷೆಗಳಲ್ಲಿಯೂ ಒಂದೇ ರೀತಿ ಬರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿ ತರುಣ ತರುಣಿಯರನ್ನು ಪರೀಕ್ಷಿಸಿದಾಗ, ಮಲಗುವ ಮುನ್ನ ಐದು ನಿಮಿಷ ನಾಳೆ ಮಾಡಬೇಕಾದುದನ್ನು ಬರೆದಿಟ್ಟವರು, ಮಾಡಿ ಮುಗಿಸಿದುದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ಬಿಡಿಸಿ ಬರೆದರೆ ಅಷ್ಟು ಬೇಗ ನಿದ್ದೆ ಬಂತಂತೆ.

ನಮ್ಮ ಸಲಹೆ ಎಂದರೆ, ಮಲಗುವ ತನಕ ಕಾಯದೆ ಆಫೀಸಿನ ಮೇಜನ್ನು ಬಿಡುವ ಮುನ್ನವೇ ಇದನ್ನು ಬರೆಯುವುದು. ‘ಗೋದಾಮಿನ ಲೆಕ್ಕ ಅರ್ಧ ಆಗಿದೆ, ನಾಳೆ ಹತ್ತಕ್ಕೆ ಮುಂದುವರಿಸಬೇಕು, ಸಾಹೇಬರಿಗೆ ಹೇಳಬೇಕು’ ಎಂದು ಬರೆದರೆ ಸಾಕು. ‘ಲೆಕ್ಕ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಮನಸ್ಸು ಜಾಣ, ಅಷ್ಟಕ್ಕೆ ನಂಬುವುದಿಲ್ಲ. ಚೀಟಿಯನ್ನು ಮೇಜಿನ ಖಾನೆಯಲ್ಲಿಯೇ ಬಿಟ್ಟು ಬರಬೇಕು. ಯಂತ್ರದ ಮೇಲೆ ಕೆಲಸ ಮಾಡುವವರು ಮುಂದಿನ ಪಾಳಿಯವನಿಗೆ ಯಂತ್ರವನ್ನು ಒಪ್ಪಿಸುವಾಗ ಇದನ್ನೇ ಮಾಡುತ್ತಾರೆ: ಇಂಥದು ಆಗಿದೆ, ಇಂಥದು ಆಗಬೇಕು ಎಂದು ಬರೆದು ಕೊಡುತ್ತಾರೆ. ಮೇಜಿನ ಕೆಲಸದವರಿಗೆ ಮುಂದಿನ ಪಾಳಿಯವನು ಇಲ್ಲ. ಆದುದರಿಂದ ನಾಳೆಯ ನಮಗೆ ಇಂದಿನ ನಾವೇ ಒಪ್ಪಿಸಬೇಕು.

ಇನ್ನೊಂದು ಅಭ್ಯಾಸ ನಮ್ಮ ಹಳ್ಳಿಗಳದೇ. ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಜೊತೆಗೆ ಒಂದು ಚೂರು ಬೆಲ್ಲ. ಅದಾದ ಮೇಲೆಯೇ ಮಾತು. ಅದನ್ನು ಮಡಿ ಎಂದೋ ಉಪಚಾರವೆಂದೋ ತಿಳಿದು ಫ್ಲಾಟಿಗೆ ಬಂದ ಮೇಲೆ ಬಿಟ್ಟುಬಿಟ್ಟಿದ್ದೇವೆ. ಬಿಸಿಲು, ಧೂಳು, ದಾರಿಯ ಜಗಳ ಎಲ್ಲವನ್ನೂ ಹೊರಗೆ ಇಳಿಸುವುದಕ್ಕೆ ಹಿರಿಯರು ಕಂಡ ಉಪಾಯ ಅದು ಎಂದು ನಮಗೆ ತೋರುತ್ತದೆ. ವಾಳೂಜದಿಂದ ಸಿಡ್ಕೋದ ತನಕ ಬಸ್ಸಿನಲ್ಲಿ ನಿಂತು ಬಂದವನಿಗೂ, ಸಾತಪುರದಿಂದ ನಾಸಿಕ ರೋಡಿನ ತನಕ ಸ್ಕೂಟರಿನಲ್ಲಿ ಬಂದವಳಿಗೂ ಬಾಗಿಲಲ್ಲಿಯೇ ವಿದ್ಯುತ್ತಿನ ಬಿಲ್ಲು, ಶಾಲೆಯ ದೂರು, ಗ್ಯಾಸು ಮುಗಿದ ಸುದ್ದಿ ಹೇಳಬೇಕಾಗಿಲ್ಲ. ಕೈಕಾಲು ತೊಳೆದು ಬಟ್ಟೆ ಬದಲಾಯಿಸಿ ಒಂದು ಲೋಟ ಚಹ ಕುಡಿಯುವ ತನಕ ಅವು ಕಾಯುತ್ತವೆ. ಮೊಬೈಲಿಗೂ ಅದೇ ಹೊತ್ತಿನಲ್ಲಿ ಒಂದು ಜಾಗ ಗೊತ್ತುಮಾಡಬೇಕು. ಆಫೀಸಿನ ವಾಟ್ಸಾಪ್ ಗುಂಪಿಗೆ ಊಟದ ತಟ್ಟೆಯ ಪಕ್ಕದಲ್ಲಿ ಮಣೆ ಹಾಕುವುದು ನಮಗೆ ಸರಿ ಕಾಣುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೇಲೆ ಹೇಳಿದ ಆ ಲೋಟ ಚಹವನ್ನು ಯಾರು ಮಾಡುತ್ತಾರೆ? ಈಗ ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರೂ ಬ್ಯಾಂಕಿಗೆ, ಶಾಲೆಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಹೋಗಿ ದುಡಿದು ಬರುತ್ತಾರೆ. ಗಂಡಸಿನ ಪಾಳಿ ಸಂಜೆ ಮುಗಿಯುತ್ತದೆ. ಹೆಂಗಸಿನದು ಸಂಜೆ ಒಲೆಯ ಮುಂದೆ ಮತ್ತೆ ಆರಂಭವಾಗುತ್ತದೆ. ಆ ಎರಡನೆಯ ಪಾಳಿಗೆ ಹಾಜರಿಯಿಲ್ಲ, ಓವರ್‌ಟೈಮಿಲ್ಲ, ವಾರದ ಸೂಟಿಯೂ ಇಲ್ಲ. ಮನೆಯೊಡತಿ ಸುಖವಾಗಿರಲು ಯಾವ ಅಭ್ಯಾಸ ಒಳ್ಳೆಯದು ಎಂದು ಕೇಳಿದರೆ, ಅಭ್ಯಾಸ ಬದಲಾಗಬೇಕಾದದ್ದು ಅವಳದಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಯಜಮಾನರು ಕಾಯಿಪಲ್ಯೆ ಹೆಚ್ಚಿಕೊಡಲಿ, ಮಗ ತಟ್ಟೆ ಹಾಕಲಿ, ಮಗಳು ನೀರು ತುಂಬಲಿ. ಅಡಿಗೆಮನೆಯಲ್ಲಿ ನಾಲ್ವರು ಕೂಡಿದರೆ ಮಾತು ತಾನಾಗಿ ಹುಟ್ಟುತ್ತದೆ, ಅದೂ ಕನ್ನಡದ ಮಾತು. ಒಗ್ಗರಣೆ, ಕಲಸು, ಹದ, ಉಗುರುಬೆಚ್ಚಗೆ ಎಂಬಂಥ ಪದಗಳನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆ?

ಇನ್ನು ಬುತ್ತಿ. ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಸಬಾರದು, ನಡುವೆ ಕಡಮೆಯೆಂದರೆ ಅರ್ಧ ಗಂಟೆ ವಿರಾಮ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಬರೆದಿತ್ತು. ಜನ ಹೋರಾಡಿ ಪಡೆದ ಆ ಅರ್ಧ ಗಂಟೆಯನ್ನು ಕಂಪ್ಯೂಟರಿನ ಮುಂದೆ ಒಂದು ಕೈಯಲ್ಲಿ ಚಪಾತಿ ಹಿಡಿದು ಕಳೆಯುವವರನ್ನು ನೋಡಿದರೆ ಕನಿಕರವಾಗುತ್ತದೆ. ಬುತ್ತಿಯನ್ನು ನಾಲ್ವರ ನಡುವೆ ಬಿಚ್ಚಬೇಕು. ನಮ್ಮ ಜೋಳದ ರೊಟ್ಟಿಯೂ ಇಲ್ಲಿಯವರ ಭಾಕರಿಯೂ ಒಡಹುಟ್ಟಿದವು. ನಮ್ಮ ಶೇಂಗಾ ಚಟ್ನಿಗೆ ಅವರ ಠೇಚಾ ಬದಲು. ಪಕ್ಕದಲ್ಲಿ ಕುಳಿತು ಉಂಡವನೊಡನೆ ಮಧ್ಯಾಹ್ನದ ಮೇಲೆ ಕಡತಕ್ಕಾಗಿ ಜಗಳವಾಡುವುದು ಕಷ್ಟ. ನಮ್ಮವರು ನಮ್ಮವರೇ ಕೂಡಿ ಒಂದು ಮೂಲೆಯಲ್ಲಿ ಕನ್ನಡದಲ್ಲಿ ಮಾತನಾಡುತ್ತ ಉಣ್ಣುವುದು ಸುಖವಾದರೂ, ಪಕ್ಕದ ಮೇಜಿನವನಿಗೆ ತನ್ನ ಬಗ್ಗೆಯೇ ಆಡುತ್ತಿದ್ದಾರೆಂದು ತೋರೀತು. ಮರಾಠಿಯನ್ನು ಸರಿಯಾಗಿ ಕಲಿತವನಿಗೆ ಇಲ್ಲಿ ಅರ್ಧ ದುಗುಡ ಕಡಮೆ. ಕನ್ನಡವನ್ನು ಉಳಿಸುವುದೆಂದರೆ ಮರಾಠಿಯನ್ನು ಕೆಟ್ಟದಾಗಿ ಆಡುವುದಲ್ಲ.

ಹೆಚ್ಚು ದುಡಿಮೆಯ ವಿಷಯಕ್ಕೆ ಬಂದರೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬಾಳುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಮನೆಯಾಕೆ ಹಿಗ್ಗಲಿಲ್ಲ; ಇಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ನಮಗೇಕೆ, ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬನ್ನಿರೆಂದಳು. ಕಾಯಕವನ್ನು ಅಷ್ಟು ದೊಡ್ಡದಾಗಿ ಕಂಡ ಕಾಲದಲ್ಲಿಯೇ ಕಾಯಕಕ್ಕೆ ಒಂದು ಮೇರೆಯನ್ನೂ ಗುರುತಿಸಿದವಳು ಅವಳು. ಹಾಗೆಂದ ಮಾತ್ರಕ್ಕೆ, ಮನೆಸಾಲದ ಕಂತು ಕಟ್ಟಬೇಕಾದವನಿಗೆ, ಗುತ್ತಿಗೆಯ ನೌಕರಿಯಲ್ಲಿ ನಾಳೆಯ ಭರವಸೆಯಿಲ್ಲದವನಿಗೆ ಓವರ್‌ಟೈಮ್ ಬೇಡವೆಂದು ಉಪದೇಶಿಸುವುದು ಸಲ್ಲದು. ಲಕ್ಕಮ್ಮನ ಮಾತು ಇದ್ದವರಿಗೆ ಹೆಚ್ಚು ಅನ್ವಯಿಸುತ್ತದೆ. ಎರಡನೆಯ ಫ್ಲಾಟಿಗಾಗಿ ಭಾನುವಾರಗಳನ್ನು ಮಾರುತ್ತಿರುವವರು ಮಾತ್ರ ಗಂಡಹೆಂಡಿರು ಕುಳಿತು ಒಮ್ಮೆ ಲೆಕ್ಕ ಹಾಕಿ ನೋಡಲಿ.

ರಾತ್ರಿ ಪಾಳಿಯವರಿಗೆ ಎರಡೇ ಮಾತು. ಬೆಳಗ್ಗೆ ಬಂದು ಮಲಗುವ ಕೋಣೆಗೆ ದಪ್ಪ ಪರದೆ ಬೇಕು. ಪಾಳಿಯ ಕೊನೆಯ ತಾಸುಗಳಲ್ಲಿ ಚಹ ಬೇಡ. ಉಳಿದದ್ದು ಮನೆಯವರ ಕೈಯಲ್ಲಿದೆ: ಹಗಲು ಮಲಗಿದವನನ್ನು ಸಿಲಿಂಡರಿನವನು ಬಂದನೆಂದು ಎಬ್ಬಿಸಬಾರದು.

ಅಭ್ಯಾಸಗಳಿಂದ ತೀರದ ಕಷ್ಟವೂ ಉಂಟು. ಇಬ್ಬರ ಕೆಲಸವನ್ನು ಒಬ್ಬನ ಮೇಲೆ ಹೇರಿದ್ದರೆ, ಎಲ್ಲರೆದುರು ಅವಮಾನ ಮಾಡುವ ಮೇಲಧಿಕಾರಿ ಇದ್ದರೆ, ಅದಕ್ಕೆ ಚೀಟಿಯೂ ಬುತ್ತಿಯೂ ಔಷಧವಲ್ಲ. ಅದನ್ನು ಕಾರ್ಮಿಕ ಸಂಘದಲ್ಲೋ ಮೇಲಿನವರಲ್ಲೋ ಲಿಖಿತವಾಗಿ ಹೇಳಬೇಕು. ಜೊತೆಗೆ ಇಬ್ಬರು ಇದ್ದರೆ ಒಳ್ಳೆಯದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಸಾಕೆನಿಸಿದರೆ ಅದು ಸೋಮಾರಿತನವಲ್ಲ, ಹೇಡಿತನವೂ ಅಲ್ಲ, ವೈದ್ಯರನ್ನು ಕಾಣಬೇಕು. ಪರಊರಿನಲ್ಲಿ ಮನಸ್ಸಿನ ನೋವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಗೆ ಹೇಳುವುದೆಂದು ಸುಮ್ಮನಾಗುವವರು ನಮ್ಮಲ್ಲಿದ್ದಾರೆ. ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಫೋನು ಸೇವೆಯ ಸಂಖ್ಯೆ 14416. ಅದಕ್ಕೆ ಹಣವಿಲ್ಲ, ಹಗಲು ರಾತ್ರಿ ಎನ್ನದೆ ನಡೆಯುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದಕ್ಕೆ ಕೇಂದ್ರ. ಮಾತನಾಡುವ ಭಾಷೆಯನ್ನು ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಇದೆ. ಈ ಸಂಖ್ಯೆಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನವನ ಲೆಕ್ಕದ ಪಕ್ಕದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿಡಿರಿ.