ಗುತ್ತಿಗೆದಾರರ ದರ: ಕಾಣುವ ಕೆಲಸಕ್ಕೆ ಕೈಬಿಚ್ಚಿ, ಕಾಣದ ಕೆಲಸಕ್ಕೆ ಕೈಬಿಗಿದು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಮ್ಮ ಹಿರಿಯರು ಮೇರಿಲ್ಯಾಂಡಿನ ಫ್ರೆಡ್ರಿಕ್ ಕೌಂಟಿಯನ್ನು ಕಂಡು ಹೇಳಿದ್ದಲ್ಲ. ಆದರೂ ಇಲ್ಲಿ ಮನೆ ಕೊಂಡ ಪ್ರತಿಯೊಂದು ಕುಟುಂಬಕ್ಕೂ ಅದರ ಅರ್ಥ ಬೇಗನೆ ಮನದಟ್ಟಾಗುತ್ತದೆ. ಕಟ್ಟಿದ ಮನೆಯನ್ನೇ ಕೊಂಡರೂ ಕಟ್ಟುವ ಕೆಲಸ ಮುಗಿಯುವುದಿಲ್ಲ. ಸಂಘದ ಯಾವುದೇ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತರೂ ಇವೇ ಪ್ರಶ್ನೆಗಳು ಕೇಳಿಬರುತ್ತವೆ: ಡೆಕ್ಕಿಗೆ ಎಷ್ಟಾಯಿತು? ಬೇಸ್‌ಮೆಂಟ್ ಕೆಲಸವನ್ನು ಯಾರು ಮಾಡಿಕೊಟ್ಟರು? ಪ್ಲಂಬರ್ ಒಂದು ಗಂಟೆಗೆ ಅಷ್ಟು ತೆಗೆದುಕೊಳ್ಳುವುದು ನ್ಯಾಯವೇ?

ನಾವು ಕಟ್ಟಡ ತಜ್ಞರಲ್ಲ, ವೈದ್ಯವೃತ್ತಿಯವರು. ಆದರೆ ಮನೆಯ ಆರೋಗ್ಯಕ್ಕೂ ಮನೆಯವರ ಆರೋಗ್ಯಕ್ಕೂ ಇರುವ ನಂಟು ನಮ್ಮ ವೃತ್ತಿಯಲ್ಲಿ ಮರಳಿ ಮರಳಿ ಎದುರಾಗುತ್ತದೆ. ಆ ಅನುಭವದಿಂದ ಹೇಳುವುದಾದರೆ, ದರ ಹೆಚ್ಚೋ ಕಡಿಮೆಯೋ ಎಂಬುದು ಎರಡನೆಯ ಪ್ರಶ್ನೆ. ನಮ್ಮ ಹಣ ಯಾವ ಕೆಲಸಕ್ಕೆ ಮೊದಲು ಹೋಗಬೇಕು ಎಂಬುದೇ ಮೊದಲ ಪ್ರಶ್ನೆ. ನೆಂಟರಿಷ್ಟರ ಕಣ್ಣಿಗೆ ಬೀಳುವ ಕೆಲಸಕ್ಕೆ ನಾವು ಹತ್ತಾರು ಸಾವಿರ ಡಾಲರ್ ಸುರಿಯುತ್ತೇವೆ. ಗೋಡೆಯ ಹಿಂದೆ, ನೆಲದ ಅಡಿಯಲ್ಲಿ ಅಡಗಿ ಜೀವ ಕಾಯುವ ಕೆಲಸಕ್ಕೆ ಕೆಲವು ನೂರು ಡಾಲರ್ ಕೊಡಲು ಹಿಂದೆಮುಂದೆ ನೋಡುತ್ತೇವೆ. ಈ ಲೇಖನದ ತಕರಾರು ಇಷ್ಟೇ.

ಒಂದೇ ಕೌಂಟಿ, ಎರಡು ಬಗೆಯ ಮನೆಗಳು

ನಮ್ಮ ಕೌಂಟಿಯೊಳಗೆ ಎರಡು ಬಗೆಯ ಬದುಕಿದೆ. ದಕ್ಷಿಣದಲ್ಲಿ 270ನೆಯ ಹೆದ್ದಾರಿಯ ಪಕ್ಕಕ್ಕೆ ಬೆಳೆದ ಅರ್ಬಾನಾ, ಪೂರ್ವದ ನ್ಯೂ ಮಾರ್ಕೆಟ್ ಕಡೆಯ ಹೊಸ ಬಡಾವಣೆಗಳು ವಾಷಿಂಗ್ಟನ್ ಮಹಾನಗರದ ಉಪನಗರಗಳಂತಿವೆ. ಉತ್ತರಕ್ಕೆ ಥರ್ಮಾಂಟ್, ಎಮಿಟ್ಸ್‌ಬರ್ಗ್, ಪಶ್ಚಿಮಕ್ಕೆ ಮೈಯರ್ಸ್‌ವಿಲ್ ಕಡೆಗೆ ಹೊರಟರೆ ಕಟಾಕ್ಟಿನ್ ಬೆಟ್ಟಸಾಲು, ಮುಸುಕಿನ ಜೋಳದ ಹೊಲಗಳು, ಹೈನುಗಾರರ ಕೊಟ್ಟಿಗೆಗಳು. ಉಪನಗರದ ಮನೆಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ನೀರು, ಒಳಚರಂಡಿ ಇರುತ್ತವೆ. ಹಳ್ಳಿಯ ಕಡೆ ಕೊಳವೆಬಾವಿ, ಸೆಪ್ಟಿಕ್ ಟ್ಯಾಂಕ್ ಎರಡೂ ಮನೆಯವರದೇ ಹೊಣೆ. ಹೀಗಾಗಿ ದರದ ಲೆಕ್ಕವೂ ಎರಡು ಬಗೆಯದು.

ಈಚಿನ ವರ್ಷಗಳಲ್ಲಿ ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ದರಗಳನ್ನು ಸ್ಥೂಲವಾಗಿ ಹೇಳಬಹುದು. ಪ್ಲಂಬರ್ ಅಥವಾ ಎಲೆಕ್ಟ್ರಿಷಿಯನ್ ಬಾಗಿಲಿಗೆ ಬಂದು ನೋಡುವುದಕ್ಕೇ 100ರಿಂದ 200 ಡಾಲರ್. ಅನಂತರ ಗಂಟೆಗೆ 100ರಿಂದ 200. ಸಣ್ಣಪುಟ್ಟ ಕೆಲಸದ ಹ್ಯಾಂಡಿಮ್ಯಾನ್ ಗಂಟೆಗೆ 60ರಿಂದ 120. ಬಿಸಿನೀರಿನ ಟ್ಯಾಂಕ್ ಬದಲಿಸಲು 1,500ರಿಂದ 3,000. ಫರ್ನೇಸ್ ಮತ್ತು ಏಸಿ ಎರಡನ್ನೂ ಬದಲಿಸಲು 9,000ದಿಂದ 16,000. ಸಾಧಾರಣ ಗಾತ್ರದ ಮನೆಯ ಚಾವಣಿಗೆ ಹೊಸ ಶಿಂಗಲ್ ಹೊದಿಸಲು 10,000ದಿಂದ 20,000. ಮುನ್ನೂರು ಚದರಡಿಯ ಡೆಕ್ಕಿಗೆ ಮರದ್ದಾದರೆ ಸುಮಾರು 10,000, ಕಾಂಪೊಸಿಟ್ ಆದರೆ ಅದರ ಎರಡು ಪಟ್ಟು. ಬೇಸ್‌ಮೆಂಟಿನಲ್ಲಿ ಕೋಣೆ, ಸ್ನಾನಗೃಹ ಮಾಡಿಸಲು 40,000ದಿಂದ 80,000.

ಹಳ್ಳಿಯ ಕಡೆಯ ಮನೆಗೆ ಇದರ ಮೇಲೆ ಇನ್ನಷ್ಟು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಲು 300ರಿಂದ 600. ಕೊಳವೆಬಾವಿಯ ಪಂಪ್ ಕೆಟ್ಟರೆ 1,500ರಿಂದ 4,000. ಸೆಪ್ಟಿಕ್ ವ್ಯವಸ್ಥೆಯೇ ಕುಸಿದರೆ 10,000ದಿಂದ 30,000 ಅಥವಾ ಅದಕ್ಕೂ ಮಿಗಿಲು. ಮೂರರಿಂದ ಐದು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸುವ ಸಣ್ಣ ಖರ್ಚನ್ನು ಮುಂದೂಡಿದವರಿಗೆ ಈ ಕೊನೆಯ ಖರ್ಚು ಬೇಗ ಬರುತ್ತದೆ.

ಈ ದರ ಏಕೆ?

ಊರಿನಲ್ಲಿ ಮೇಸ್ತ್ರಿಗೆ ದಿನಗೂಲಿ ಕೊಟ್ಟು, ಸಂಜೆ ಲೆಕ್ಕ ಚುಕ್ತಾ ಮಾಡಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಅದೇ ಅಳತೆಗೋಲಿನಿಂದ ಇಲ್ಲಿಯ ದರವನ್ನು ಅಳೆದರೆ ಎಲ್ಲವೂ ಸುಲಿಗೆಯಂತೆ ತೋರುತ್ತದೆ. ಆದರೆ ಗಂಟೆಗೆ 150 ಡಾಲರ್ ಎಂದರೆ ಅದು ಕೆಲಸಗಾರನ ಗಂಟೆಯ ಸಂಬಳವಲ್ಲ. ಅದರಲ್ಲಿ ವಿಮೆಯಿದೆ, ಪರವಾನಗಿಯಿದೆ, ವ್ಯಾನು ಮತ್ತು ಉಪಕರಣಗಳಿವೆ, ಥರ್ಮಾಂಟಿನಿಂದ ಅರ್ಬಾನಾಕ್ಕೆ ಬರುವ ದಾರಿಯ ಹೊತ್ತಿದೆ, ಪುಕ್ಕಟೆಯಾಗಿ ಅಂದಾಜು ಬರೆದುಕೊಟ್ಟು ಕೆಲಸ ಸಿಗದೆ ಹೋದ ಹತ್ತು ಮನೆಗಳ ಸಮಯವಿದೆ. ಆಸ್ಪತ್ರೆಯ ಬಿಲ್ಲು ಪೂರ್ತಿ ವೈದ್ಯರ ಜೇಬಿಗೆ ಹೋಗುವುದಿಲ್ಲವೆಂದು ನಾವು ರೋಗಿಗಳಿಗೆ ವಿವರಿಸುತ್ತೇವಲ್ಲ, ಇದೂ ಹಾಗೆಯೇ.

ಚೌಕಾಶಿ ಮಾಡಬಾರದೆಂದು ನಾವು ಹೇಳುತ್ತಿಲ್ಲ. ಚೌಕಾಶಿಯ ರೀತಿ ಬದಲಾಗಬೇಕು. ‘ಎರಡು ಸಾವಿರ ಕಡಿಮೆ ಮಾಡಿ’ ಎಂದು ಹಟ ಹಿಡಿದರೆ ಗುತ್ತಿಗೆದಾರ ಒಪ್ಪಬಹುದು. ಆದರೆ ಆ ಎರಡು ಸಾವಿರವನ್ನು ಆತ ಎಲ್ಲಿ ಉಳಿಸುತ್ತಾನೆ? ಗ್ರಾನೈಟಿನಲ್ಲಿ ಉಳಿಸಿದರೆ ನಮಗೆ ಕಾಣುತ್ತದೆ. ಗೋಡೆಯೊಳಗಿನ ತಂತಿಯಲ್ಲಿ, ಸ್ನಾನಗೃಹದ ಟೈಲ್ ಹಿಂದಿನ ನೀರುತಡೆಯಲ್ಲಿ, ಪರ್ಮಿಟ್ಟಿನಲ್ಲಿ ಉಳಿಸಿದರೆ ಕಾಣುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ‘ಕೆಲಸದ ಯಾವ ಭಾಗವನ್ನು ಬಿಟ್ಟರೆ ಎಷ್ಟು ಇಳಿಯುತ್ತದೆ?’ ಮೂರು ಕಡೆಯಿಂದ ಅಂದಾಜು ತರಿಸಿದಾಗಲೂ ಕೆಳಗಿನ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಮೂರರಲ್ಲಿಯೂ ಒಂದೇ ಕೆಲಸವಿದೆಯೇ, ಹಳೆಯದನ್ನು ಕಿತ್ತು ಸಾಗಿಸುವುದು ಯಾರ ಪಾಲು, ಪರ್ಮಿಟ್ ಯಾರು ಪಡೆಯುತ್ತಾರೆ ಎಂಬುದನ್ನು ಸಾಲು ಸಾಲಾಗಿ ಹೋಲಿಸಬೇಕು. ಒಂದು ಅಂದಾಜು ಉಳಿದೆರಡಕ್ಕಿಂತ ತೀರ ಅಗ್ಗವಾಗಿದ್ದರೆ ಅದರಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂದೇ ತಿಳಿದು ವಿಚಾರಿಸುವುದು ಲೇಸು.

ಅಪ್ಪ ಅಮ್ಮನ ಕೋಣೆ

ನಮ್ಮ ಮಾತಿಗೆ ಒಂದೇ ನಿದರ್ಶನ ಸಾಕು. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ. ಮಹಡಿ ಹತ್ತುವುದು ಅವರಿಗೆ ಕಷ್ಟ. ಬೇಸ್‌ಮೆಂಟಿನಲ್ಲಿ ಕೋಣೆ ಮಾಡಿಸೋಣ ಎಂಬುದು ನಮ್ಮ ಮನೆಗಳಲ್ಲಿ ಸಾಮಾನ್ಯ ಯೋಚನೆ. ಅಂದಾಜಿನಲ್ಲಿ ನೆಲಹಾಸು, ದೀಪ, ದೊಡ್ಡ ಟಿವಿಯ ಗೋಡೆ, ಸ್ನಾನಗೃಹ ಎಲ್ಲವೂ ಇರುತ್ತವೆ. ಮೊತ್ತ ಹೆಚ್ಚಾಯಿತೆಂದು ಕತ್ತರಿ ಹಾಕುವಾಗ ಮೊದಲು ಹೋಗುವುದು ಯಾವುದು? ತುರ್ತಾಗಿ ಹೊರಹೋಗಲು ಬೇಕಾದ ದೊಡ್ಡ ಕಿಟಕಿ.

ಮಲಗುವ ಕೋಣೆಗೆ ಬೆಂಕಿಯ ಸಮಯದಲ್ಲಿ ಮನುಷ್ಯ ಹೊರಬರುವಷ್ಟು ಅಗಲದ ಕಿಟಕಿ ಅಥವಾ ಹೊರಬಾಗಿಲು ಇರಬೇಕೆಂಬುದು ಕಟ್ಟಡ ನಿಯಮ. ತಳಪಾಯದ ಗೋಡೆಯನ್ನು ಕತ್ತರಿಸಿ, ಹೊರಗೆ ಮಣ್ಣು ತೆಗೆದು ಇದನ್ನು ಕೂರಿಸಲು 3,000ದಿಂದ 6,000 ಡಾಲರ್ ಬೇಕಾಗಬಹುದು. ಪರ್ಮಿಟ್ ಪಡೆದರೆ ತನಿಖಾಧಿಕಾರಿ ಇದನ್ನು ಕೇಳುತ್ತಾರೆ. ಪರ್ಮಿಟ್ ಇಲ್ಲದೆ ಮಾಡಿಸಿದರೆ ಕೇಳುವವರಿಲ್ಲ. ‘ಪರ್ಮಿಟ್ ಬೇಡ, ನಗದು ಕೊಡಿ, ಅಗ್ಗವಾಗಿ ಮಾಡಿಕೊಡುತ್ತೇವೆ’ ಎಂಬ ಮಾತಿನ ನಿಜವಾದ ಅರ್ಥ ಇಲ್ಲಿದೆ. ಉಳಿದ ಹಣ, ಎಪ್ಪತ್ತೈದು ವರ್ಷದ ತಾಯಿ ಹೊಗೆ ತುಂಬಿದ ಕೋಣೆಯಿಂದ ಹೊರಬರಬೇಕಾಗಿದ್ದ ದಾರಿಯ ಹಣ.

ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಫರ್ನೇಸ್, ಬಿಸಿನೀರಿನ ಟ್ಯಾಂಕ್ ಹೆಚ್ಚಾಗಿ ಬೇಸ್‌ಮೆಂಟಿನಲ್ಲೇ ಇರುತ್ತವೆ. ಅನಿಲ ಅಥವಾ ಎಣ್ಣೆ ಉರಿಸುವ ಉಪಕರಣದ ಹೊಗೆಕೊಳವೆ ಕಟ್ಟಿಕೊಂಡರೆ ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ಒಳಗೇ ಉಳಿಯುತ್ತದೆ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಮಂಕು ಇವೇ ಲಕ್ಷಣಗಳು. ಹೊಸ ಊರಿನ ಚಳಿ, ಪ್ರಯಾಣದ ಆಯಾಸ ಎಂದು ಮನೆಯವರು ಸುಲಭವಾಗಿ ತಪ್ಪು ತಿಳಿಯಬಹುದು. ಎಚ್ಚರಿಕೆ ಕೊಡುವ ಯಂತ್ರಕ್ಕೆ 25ರಿಂದ 50 ಡಾಲರ್, ಫರ್ನೇಸಿನ ವಾರ್ಷಿಕ ತಪಾಸಣೆಗೆ 100ರಿಂದ 200.

ಮೂರನೆಯದು ರೇಡಾನ್. ನೆಲದಡಿಯ ಬಂಡೆ, ಮಣ್ಣಿನಿಂದ ಹೊಮ್ಮಿ ಮನೆಯೊಳಗೆ ಸೇರುವ ಈ ವಿಕಿರಣಶೀಲ ಅನಿಲ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ಅನಂತರದ ಮುಖ್ಯ ಕಾರಣ. ವರ್ಷಕ್ಕೆ ಸುಮಾರು 21,000 ಸಾವುಗಳಿಗೆ ಇದು ಕಾರಣವೆಂದು ಇಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಅದೇ ಸಂಸ್ಥೆಯ ರೇಡಾನ್ ನಕ್ಷೆಯಲ್ಲಿ ಫ್ರೆಡ್ರಿಕ್ ಕೌಂಟಿ ಅತಿ ಹೆಚ್ಚು ಸಾಧ್ಯತೆಯ ಮೊದಲ ವಲಯದಲ್ಲಿದೆ. ಇದರ ಹಾನಿ ತಿಂಗಳುಗಳದ್ದಲ್ಲ, ವರ್ಷಗಳದ್ದು. ಆದ್ದರಿಂದ ಬಂದುಹೋಗುವ ಹಿರಿಯರಿಗಿಂತ, ಅದೇ ಬೇಸ್‌ಮೆಂಟಿನಲ್ಲಿ ಕುಳಿತು ವರ್ಷಾನುಗಟ್ಟಲೆ ಮನೆಯಿಂದಲೇ ಉದ್ಯೋಗ ಮಾಡುವ ನಮಗೆ, ಅಲ್ಲೇ ಓದಿ ಆಡುವ ಮಕ್ಕಳಿಗೆ ಅಪಾಯ ಹೆಚ್ಚು. ಪರೀಕ್ಷೆಯ ಪೊಟ್ಟಣಕ್ಕೆ 15ರಿಂದ 40 ಡಾಲರ್. ಪ್ರತಿ ಲೀಟರ್ ಗಾಳಿಗೆ 4 ಪಿಕೋಕ್ಯೂರಿ ಅಥವಾ ಅದಕ್ಕೂ ಹೆಚ್ಚು ಕಂಡರೆ, ಕಾಂಕ್ರೀಟ್ ನೆಲಕ್ಕೆ ಕೊಳವೆ ಇಳಿಸಿ ಅಡಿಯ ಗಾಳಿಯನ್ನು ಫ್ಯಾನಿನಿಂದ ಚಾವಣಿಯ ಮೇಲಕ್ಕೆ ಎಳೆದುಬಿಡುವ ವ್ಯವಸ್ಥೆಗೆ ಸಾಮಾನ್ಯವಾಗಿ 1,000ದಿಂದ 2,500. ನೆಲಹಾಸು ಹಾಕಿಸುವ ಮೊದಲೇ ಪರೀಕ್ಷಿಸಿದರೆ ಈ ಕೆಲಸ ಸುಲಭ. ಆಮೇಲಾದರೆ ಹೊಸ ನೆಲವನ್ನೇ ಕೊರೆಯಬೇಕು.

ನಾಲ್ಕನೆಯದು ಸ್ನಾನಗೃಹ. ಹಿರಿಯರಿಗೆ ಗೋಡೆಯ ಹೊಳೆಯುವ ಟೈಲಿಗಿಂತ ಹಿಡಿದುಕೊಳ್ಳುವ ಕಂಬಿ ಮುಖ್ಯ. ಗೋಡೆಯೊಳಗಿನ ಮರದ ಕಂಬಕ್ಕೆ ಬಿಗಿದು ಕೂರಿಸಲು ಒಂದೊಂದಕ್ಕೆ 100ರಿಂದ 300 ಡಾಲರ್. ಬಿಸಿನೀರನ್ನು 120 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಇಡಲು ಹೆಚ್ಚಾಗಿ ಖರ್ಚೇ ಇಲ್ಲ. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆಯ ಬಿಲ್ಲು ಸಂದರ್ಶಕರ ವಿಮೆಯ ಮಿತಿಯನ್ನು ಮೀರುವುದು ಕಷ್ಟವೇನಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ನಡೆದು ಬಂದವರು ನಡೆಯಲಾರದೆ ಊರಿಗೆ ಮರಳುವುದು.

ಕೊಳವೆಬಾವಿಯ ಮನೆಯವರಿಗೆ ಇನ್ನೊಂದು ಮಾತು. ಖಾಸಗಿ ಬಾವಿಯ ನೀರಿನ ಗುಣಮಟ್ಟವನ್ನು ಸರ್ಕಾರ ನಮ್ಮ ಪರವಾಗಿ ಕಾಯುವುದಿಲ್ಲ. ವರ್ಷಕ್ಕೊಮ್ಮೆ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಬೇಕು. ಹೊಲ, ಕೊಟ್ಟಿಗೆಗಳ ನೆರೆಯಲ್ಲಿ ನೈಟ್ರೇಟ್ ಹೆಚ್ಚಿರಬಹುದು. ಲೀಟರಿಗೆ 10 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಸುಳೆಗೆ ಹಾಲಿನ ಪುಡಿ ಕಲಸಬಾರದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ.

ಇಷ್ಟನ್ನೂ ಕೂಡಿಸಿ ನೋಡೋಣ. ಕಿಟಕಿ, ರೇಡಾನ್ ಕೊಳವೆ, ಎಚ್ಚರಿಕೆಯ ಯಂತ್ರ, ಎರಡು ಮೂರು ಕಂಬಿ ಎಲ್ಲವೂ ಸೇರಿ ಸುಮಾರು 4,200ರಿಂದ 9,500 ಡಾಲರ್. 60,000 ಡಾಲರಿನ ಬೇಸ್‌ಮೆಂಟಿನಲ್ಲಿ ಇದು ಆರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಚೆಂದದ ಅಡುಗೆಮನೆ ಮನೆಯ ಮಾರಾಟದ ಬೆಲೆಯನ್ನು ಏರಿಸುತ್ತದೆ ಎನ್ನುವವರಿದ್ದಾರೆ. ಅದು ಸುಳ್ಳಲ್ಲ, ಮಾಡಿಸಲಿ. ನಮ್ಮ ಕೋರಿಕೆ ಸರದಿಯ ಬಗೆಗೆ ಮಾತ್ರ: ಕಾಣದ ಕೆಲಸ ಮೊದಲು, ಕಾಣುವ ಕೆಲಸ ಆಮೇಲೆ.

ಕಾನೂನು ನಮ್ಮ ಪರ ಇದೆ

ಮೇರಿಲ್ಯಾಂಡಿನಲ್ಲಿ ಮನೆ ನವೀಕರಣದ ಗುತ್ತಿಗೆದಾರರಿಗೆ ರಾಜ್ಯದ ಹೋಮ್ ಇಂಪ್ರೂವ್‌ಮೆಂಟ್ ಕಮಿಷನ್ನಿನ ಪರವಾನಗಿ ಬೇಕು. ಗಡಿಯಾಚೆಯ ಪೆನ್ಸಿಲ್ವೇನಿಯಾದಿಂದ ಬಂದವರಿಗೂ ಇದು ಅನ್ವಯ. ಪ್ಲಂಬರ್, ಎಲೆಕ್ಟ್ರಿಷಿಯನ್ನರಿಗೆ ಬೇರೆ ಪರವಾನಗಿಗಳಿವೆ. ಸಂಖ್ಯೆಯನ್ನು ಕೇಳಿ ಪಡೆದು ರಾಜ್ಯದ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಲು ಐದು ನಿಮಿಷ ಸಾಕು. ಒಪ್ಪಂದದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಅರ್ಧ ಹಣ ಮೊದಲೇ ಕೇಳುವವರಿಗೆ ನಮಸ್ಕಾರ ಹೇಳಿ ಕಳಿಸಬಹುದು. ಪರವಾನಗಿ ಇರುವವರು ಕೆಲಸ ಕೆಡಿಸಿದರೆ ಅಥವಾ ನಡುವೆ ಬಿಟ್ಟುಹೋದರೆ ನಷ್ಟಕ್ಕೆ ನಿಗದಿತ ಮಿತಿಯವರೆಗೆ ಪರಿಹಾರ ಕೋರಲು ರಾಜ್ಯದ ಗ್ಯಾರಂಟಿ ನಿಧಿಯಿದೆ. ಪರವಾನಗಿ ಇಲ್ಲದವರಿಂದ ಮಾಡಿಸಿದವರಿಗೆ ಆ ಬಾಗಿಲು ಮುಚ್ಚಿದೆ. ಮನೆಬಾಗಿಲಿಗೆ ಬಂದು ಸಹಿ ಹಾಕಿಸಿಕೊಂಡ ಒಪ್ಪಂದವನ್ನು ಕನಿಷ್ಠ ಮೂರು ಕೆಲಸದ ದಿನಗಳೊಳಗೆ ರದ್ದುಮಾಡುವ ಹಕ್ಕೂ ಸಾಮಾನ್ಯವಾಗಿ ಇರುತ್ತದೆ. ಬಿರುಗಾಳಿಯ ಮರುದಿನ ಚಾವಣಿ ನೋಡಲು ಬರುವವರ ವಿಷಯದಲ್ಲಿ ಇದನ್ನು ನೆನಪಿಡಬೇಕು.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ನಮ್ಮಲ್ಲಿ ದರದ ಮಾತು ಗುಟ್ಟಿನ ಮಾತಾಗಿದೆ. ಕಡಿಮೆಗೆ ಮಾಡಿಸಿದವರು ಹೆಮ್ಮೆಯಿಂದ ಹೇಳುತ್ತಾರೆ, ಹೆಚ್ಚು ಕೊಟ್ಟವರು ಸಂಕೋಚದಿಂದ ಸುಮ್ಮನಿರುತ್ತಾರೆ. ಹೀಗಾಗಿ ಹೊಸದಾಗಿ ಬಂದವರ ಕಿವಿಗೆ ಅಗ್ಗದ ದರ ಮಾತ್ರ ಬೀಳುತ್ತದೆ. ಯಾವ ಕೆಲಸ, ಎಷ್ಟು ಚದರಡಿ, ಯಾವ ವರ್ಷ, ಪರ್ಮಿಟ್ ಸೇರಿತ್ತೇ, ಒಟ್ಟು ಎಷ್ಟಾಯಿತು ಎಂಬ ಐದು ವಿವರಗಳನ್ನು, ಹೆಸರುಗಳಿಲ್ಲದೆ, ಪ್ರತಿ ಕುಟುಂಬವೂ ಸಂಘಕ್ಕೆ ಬರೆದುಕೊಟ್ಟರೆ ಒಂದೇ ವರ್ಷದಲ್ಲಿ ನಮ್ಮದೇ ನಂಬಲರ್ಹ ದರಪಟ್ಟಿ ಸಿದ್ಧವಾಗುತ್ತದೆ. ಅಷ್ಟರೊಳಗೆ, ಈ ಚಳಿಗಾಲದಲ್ಲಿ ಕಿಟಕಿಗಳನ್ನು ಮುಚ್ಚಿರುವಾಗಲೇ, ಒಂದು ರೇಡಾನ್ ಪರೀಕ್ಷೆಯ ಪೊಟ್ಟಣವನ್ನು ತಂದು ಬೇಸ್‌ಮೆಂಟಿನಲ್ಲಿ ಇಡಿ. ಮನೆಯ ಕೆಲಸಗಳಲ್ಲಿ ಇದಕ್ಕಿಂತ ಅಗ್ಗವಾದದ್ದು ಹೆಚ್ಚಿಲ್ಲ.